ಫೈಲ್ ಯಾರ ಖಾತೆಯಲ್ಲಿದೆ? ಕ್ಲೌಡ್ ಸ್ಟೋರೇಜ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಜಮೀನು ಕೊಳ್ಳಲು ಹೋದವರು ಮೊದಲು ಕೇಳೋದು ಒಂದೇ ಮಾತು: ಖಾತೆ ಯಾರ ಹೆಸರಲ್ಲಿದೆ? ಉಳುತ್ತಿರೋದು ಯಾರು, ಬೇಲಿ ಹಾಕಿದ್ದು ಯಾರು ಅನ್ನೋದೆಲ್ಲ ಆಮೇಲೆ. ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಸರ್ವರ್‌ನಲ್ಲಿ ಫೈಲ್ ಇಡುವ ಕ್ಲೌಡ್ ಸ್ಟೋರೇಜ್ ವಿಷಯದಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಶಿವಮೊಗ್ಗದ ಒಂದು ಆಡಿಟ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ಓದುವವರ ತರಬೇತಿ) ಮಾಡುವಾಗ ಪೆಟ್ಟು ತಿಂದು ಕಲಿತದ್ದು. ಬಿಕಾಂ, ಸಿಎ ಓದುತ್ತಿರುವವರಿಗೆ, ಚಿಕ್ಕ ಆಫೀಸುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಅನುಕೂಲವಾಗಲಿ ಅಂತ ನನ್ನ ನೋಟ್ಸನ್ನು ಬಿಡಿಸಿ ಬರೆದಿದ್ದೇನೆ.

ಸೆಪ್ಟೆಂಬರ್‌ನಲ್ಲಿ ನಡೆದದ್ದು

ಸೆಪ್ಟೆಂಬರ್ 30 ಟ್ಯಾಕ್ಸ್ ಆಡಿಟ್ ವರದಿಗೆ ಕೊನೆಯ ದಿನ. ಆ ತಿಂಗಳು ಆಡಿಟ್ ಆಫೀಸಿನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ನಮ್ಮ ಕ್ಲೈಂಟ್ ಫೋಲ್ಡರ್‌ಗಳೆಲ್ಲ ಗೂಗಲ್ ಡ್ರೈವ್‌ನಲ್ಲಿದ್ದವು. ನಮಗಿಂತ ಮೊದಲು ಸೇರಿದ್ದ ಸೀನಿಯರ್ ಒಬ್ಬರು ತಮ್ಮ ಸ್ವಂತ ಜಿಮೇಲ್‌ನಲ್ಲಿ ಫೋಲ್ಡರ್ ಮಾಡಿ ಎಲ್ಲರಿಗೂ ಶೇರ್ ಮಾಡಿದ್ದರು. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಜುಲೈನಲ್ಲಿ ಅವರ ಆರ್ಟಿಕಲ್‌ಶಿಪ್ ಮುಗಿಯಿತು, ಹೊರಟರು.

ಆಗಸ್ಟ್ ಶುರುವಿಗೆ ಅವರ ಜಿಮೇಲ್ ಖಾತೆಯ ಜಾಗ ತುಂಬಿತು. ಉಚಿತ ಖಾತೆಯಲ್ಲಿ ಸಿಗುವುದು 15 ಜಿಬಿ. ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ತುಂಬಿದರೆ ಹೊಸ ಮೇಲ್ ಬರೋದೇ ನಿಲ್ಲುತ್ತದೆ. ಅವರಿಗೆ ಇಂಟರ್‌ವ್ಯೂ ಮೇಲ್ ಬರಬೇಕಿತ್ತು. ದೊಡ್ಡ ಫೋಲ್ಡರ್ ಯಾವುದಿದೆ ಅಂತ ನೋಡಿ ಅಳಿಸಿಬಿಟ್ಟರು. ಡ್ರೈವ್‌ನ ಟ್ರ್ಯಾಶ್‌ಗೆ ಹೋದದ್ದು 30 ದಿನ ಅಲ್ಲಿರುತ್ತದೆ, ಆಮೇಲೆ ತಾನಾಗಿಯೇ ಅಳಿಯುತ್ತದೆ.

ಸೆಪ್ಟೆಂಬರ್ ಮೂರನೇ ವಾರ ಒಂದು ಅಡಿಕೆ ಮಂಡಿಯ ಹಿಂದಿನ ವರ್ಷದ ಸ್ಟಾಕ್ ಪಟ್ಟಿ ಬೇಕಾಯಿತು. ಲಿಂಕ್ ಒತ್ತಿದೆ. ಫೈಲ್ ಅಳಿಸಲಾಗಿದೆ ಅಂತ ಬಂತು. ಫೋನ್ ಮಾಡಿದೆ: "ಅಣ್ಣಾ, ಕ್ಲೈಂಟ್ ಫೋಲ್ಡರ್ ಕಾಣ್ತಿಲ್ವಲ್ಲ?" ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ನಿಮ್ಮ ಹತ್ರ ಕಾಪಿ ಇರುತ್ತೆ ಅಂದ್ಕೊಂಡಿದ್ದೆ ಕಣೋ" ಅಂದರು.

ಅವರು ಅಪ್‌ಲೋಡ್ ಮಾಡಿದ್ದೆಲ್ಲ ಹೋಗಿತ್ತು. ಆದರೆ ಅದೇ ಫೋಲ್ಡರ್‌ಗೆ ನಾವು ಹಾಕಿದ ಫೈಲ್‌ಗಳು ಹೋಗಿರಲಿಲ್ಲ. ಫೋಲ್ಡರ್ ಕಳೆದುಕೊಂಡು ನಮ್ಮ ನಮ್ಮ ಖಾತೆಗಳಲ್ಲಿ ಚದುರಿ ಬಿದ್ದಿದ್ದವು. ಹೆಸರು ಹಾಕಿ ಒಂದೊಂದಾಗಿ ಹುಡುಕಿ ತೆಗೆದೆವು. ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ. ಮೈ ಡ್ರೈವ್‌ನಲ್ಲಿ, ಅಂದರೆ ಒಬ್ಬರ ಸ್ವಂತ ಖಾತೆಯ ಡ್ರೈವ್‌ನಲ್ಲಿ, ಫೋಲ್ಡರ್‌ನ ಒಡೆತನ ಬೇರೆ, ಒಳಗಿನ ಪ್ರತಿ ಫೈಲ್‌ನ ಒಡೆತನ ಬೇರೆ. ಯಾರು ಅಪ್‌ಲೋಡ್ ಮಾಡಿದರೋ ಫೈಲ್ ಅವರದ್ದು. ಶೇರ್ ಮಾಡುವುದೆಂದರೆ ಒಳಗೆ ಬರಲು ಬಿಟ್ಟ ಹಾಗೆ, ಖಾತೆ ಬದಲಾಯಿಸಿ ಕೊಟ್ಟ ಹಾಗಲ್ಲ.

ಸಿಗದ ಫೈಲ್‌ಗಳಿಗಾಗಿ ಕ್ಲೈಂಟ್‌ಗಳಿಗೆ ಮತ್ತೆ ಫೋನ್ ಮಾಡಿ ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಟಾಕ್ ಪಟ್ಟಿ ಕೇಳಬೇಕಾಯಿತು. ಎಷ್ಟು ಮುಜುಗರ ಆಯಿತೆಂದರೆ, ಆ ದಿನಗಳು ಇವತ್ತಿಗೂ ನೆನಪಿವೆ.

ಇದಕ್ಕೆಂದೇ ಸಂಸ್ಥೆಗಳಿಗಾಗಿ ಇರುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಶೇರ್ಡ್ ಡ್ರೈವ್ ಅಂತ ಇದೆ. ಅದರಲ್ಲಿ ಇಟ್ಟ ಫೈಲ್ ಸಂಸ್ಥೆಯದ್ದು, ವ್ಯಕ್ತಿಯದ್ದಲ್ಲ. ಹುಡುಗರು ಬರಲಿ, ಹೋಗಲಿ, ಫೈಲ್ ಅಲ್ಲೇ ಇರುತ್ತದೆ. ಸ್ವಂತ ಜಿಮೇಲ್ ಖಾತೆಯಲ್ಲಿ ಈ ಸೌಲಭ್ಯ ಇಲ್ಲ. ಕಂಪನಿ ಖಾತೆ ಇದ್ದರೂ ಒಂದು ಕಡೆ ಎಡವುತ್ತಾರೆ: ಕೆಲಸ ಬಿಟ್ಟವರ ಲೈಸೆನ್ಸ್ ಖರ್ಚು ಉಳಿಸೋಣ ಅಂತ ಅಡ್ಮಿನ್ ಆ ಖಾತೆಯನ್ನೇ ಡಿಲೀಟ್ ಮಾಡಿಬಿಡುತ್ತಾರೆ. ವರ್ಕ್‌ಸ್ಪೇಸ್‌ನಲ್ಲಿ ಡಿಲೀಟ್ ಮಾಡಿದ ಬಳಕೆದಾರರನ್ನು ವಾಪಸ್ ತರಲು ಇರುವುದು 20 ದಿನ. ಮೈಕ್ರೋಸಾಫ್ಟ್ ಒನ್‌ಡ್ರೈವ್‌ನಲ್ಲಿ, ಅಡ್ಮಿನ್ ಏನೂ ಬದಲಾಯಿಸದಿದ್ದರೆ, ಬಿಟ್ಟುಹೋದವರ ಫೈಲ್‌ಗಳು 30 ದಿನ ಇರುತ್ತವೆ. ಹಾಗಾಗಿ ಮೊದಲು ಒಡೆತನ ವರ್ಗಾಯಿಸಬೇಕು, ಆಮೇಲೆ ಖಾತೆ ಮುಚ್ಚಬೇಕು.

ಸಿಂಕ್ ಅಂದರೆ ಕನ್ನಡಿ

ಡ್ರಾಪ್‌ಬಾಕ್ಸ್ ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. ಡ್ರೂ ಹ್ಯೂಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಬಸ್ಸಿನಲ್ಲಿ ಹೊರಟಾಗ ಪೆನ್‌ಡ್ರೈವ್ ಮರೆತುಬಂದಿದ್ದರು. ದಾರಿಯಲ್ಲಿ ಮಾಡಬೇಕಿದ್ದ ಕೆಲಸದ ಫೈಲ್ ಕೈಯಲ್ಲಿಲ್ಲ. ಆ ಬೇಸರದಲ್ಲಿ ಬಸ್ಸಿನಲ್ಲೇ ಕೋಡ್ ಬರೆಯಲು ಶುರು ಮಾಡಿದರು. 2007ರಲ್ಲಿ ಕಂಪನಿ, 2008ರಲ್ಲಿ ಸೇವೆ. ಈ ಕಥೆಯಲ್ಲೇ ಸಿಂಕ್‌ನ ಉದ್ದೇಶ ಇದೆ: ಒಂದೇ ಫೈಲ್ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಥರ ಇರಬೇಕು. ಹಳೆಯದನ್ನು ಕಾಪಾಡಿ ಇಡುವುದು ಅದರ ಮೊದಲ ಕೆಲಸ ಅಲ್ಲ.

ಕನ್ನಡಿ ಮುಂದೆ ನಿಂತು ಹಣೆಯ ಕುಂಕುಮ ಒರೆಸಿಕೊಂಡರೆ ಕನ್ನಡಿಯೊಳಗೂ ಕುಂಕುಮ ಇರುವುದಿಲ್ಲ, ಅಲ್ವಾ? ಸಿಂಕ್ ಕೂಡ ಹಾಗೆಯೇ. ಆಫೀಸಿನ ಕಂಪ್ಯೂಟರ್‌ಗೆ ರಾನ್ಸಮ್‌ವೇರ್ (ಫೈಲ್ ತೆರೆಯದಂತೆ ಮಾಡಿ ಹಣ ಕೇಳುವ ತಂತ್ರಾಂಶ) ಬಂದು ಫೈಲ್‌ಗಳಿಗೆ ಬೀಗ ಬಿದ್ದರೆ, ಬೀಗ ಬಿದ್ದ ಫೈಲ್‌ಗಳೇ ನಿಷ್ಠೆಯಿಂದ ಕ್ಲೌಡ್‌ಗೂ ಹೋಗುತ್ತವೆ. ಆಗ ಕೈ ಹಿಡಿಯೋದು ಹಳೆಯ ಆವೃತ್ತಿಗಳು. ಒನ್‌ಡ್ರೈವ್‌ನಲ್ಲಿ ಇಡೀ ಸಂಗ್ರಹವನ್ನು 30 ದಿನದ ಹಿಂದಿನವರೆಗೆ ತಿರುಗಿಸಬಹುದು. ಗೂಗಲ್ ಡ್ರೈವ್‌ನಲ್ಲಿ ಪಿಡಿಎಫ್, ಎಕ್ಸೆಲ್‌ನಂಥ ಫೈಲ್‌ಗಳ ಹಳೆಯ ಆವೃತ್ತಿ 30 ದಿನ ಅಥವಾ 100 ಆವೃತ್ತಿಯವರೆಗೆ ಉಳಿಯುತ್ತದೆ. ಇವೆಲ್ಲ ಕಾಲಮಿತಿ ಇರುವ ಸಹಾಯ. ಅಷ್ಟರೊಳಗೆ ತಪ್ಪು ನಮ್ಮ ಕಣ್ಣಿಗೆ ಬೀಳಬೇಕು.

ಟ್ಯಾಲಿ ಫೋಲ್ಡರ್ ಡ್ರೈವ್‌ನಲ್ಲಿಟ್ಟರೆ ಏನಾಗುತ್ತದೆ

ನಾನು ಅತಿ ಹೆಚ್ಚು ಕಂಡ ತಪ್ಪು ಇದು. ಅದೇ ಅಡಿಕೆ ಮಂಡಿಯಲ್ಲಿ ಯಜಮಾನರಿಗೆ ಮನೆಯಲ್ಲೂ ಲೆಕ್ಕ ನೋಡಬೇಕು ಅನ್ನಿಸಿತು. ಗುಮಾಸ್ತರು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಡೇಟಾ ಫೋಲ್ಡರನ್ನೇ ಸಿಂಕ್ ಆಗುವ ಜಾಗಕ್ಕೆ ಸರಿಸಿದರು. ಮಂಡಿಯ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್ ಎರಡರಲ್ಲೂ ಕಂಪನಿ (ಟ್ಯಾಲಿಯಲ್ಲಿ ಒಂದು ವ್ಯಾಪಾರದ ಲೆಕ್ಕಕ್ಕೆ ಹೀಗೇ ಹೆಸರು) ತೆರೆಯಿತು. ಒಂದು ತಿಂಗಳು ಖುಷಿಯೋ ಖುಷಿ. ಒಂದು ದಿನ ಯಜಮಾನರು ರಾತ್ರಿ ಮನೆಯಲ್ಲಿ ಎರಡು ಪಾರ್ಟಿ ಪೇಮೆಂಟ್ ಎಂಟ್ರಿ ಮಾಡಿದರು. ನೆಟ್ ಇರಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟರು. ಬೆಳಿಗ್ಗೆ ಗುಮಾಸ್ತರು ಮಂಡಿಯಲ್ಲಿ ಹತ್ತಾರು ಬಿಲ್ ಹಾಕಿದರು. ಮಧ್ಯಾಹ್ನ ಲ್ಯಾಪ್‌ಟಾಪ್‌ಗೆ ನೆಟ್ ಸಿಕ್ಕಿತು. ಸಂಜೆ ನೋಡಿದರೆ ಡೇ ಬುಕ್‌ನಲ್ಲಿ ಬೆಳಗಿನ ಬಿಲ್‌ಗಳು ಅರ್ಧಕ್ಕರ್ಧ ಇಲ್ಲ. ಮಾರನೇ ದಿನ ಕಂಪನಿ ತೆರೆಯಲೇ ಇಲ್ಲ.

ಕಾರಣ ಸರಳ. ಟ್ಯಾಲಿಯ ಒಂದು ಕಂಪನಿ ಅಂದರೆ ಒಂದು ಫೈಲ್ ಅಲ್ಲ. ಫೋಲ್ಡರ್‌ನೊಳಗೆ ಹಲವು ಫೈಲ್‌ಗಳಿವೆ, ಅವು ಒಂದಕ್ಕೊಂದು ಹೊಂದಿಕೊಂಡು ಇರಬೇಕು. ಸಿಂಕ್ ತಂತ್ರಾಂಶಕ್ಕೆ ಈ ಸಂಬಂಧ ಗೊತ್ತಿಲ್ಲ. ಅದು ಬದಲಾದ ಫೈಲ್‌ಗಳನ್ನು ಬಿಡಿಬಿಡಿಯಾಗಿ ಕಳಿಸುತ್ತದೆ. ಒಂದು ಫೈಲ್ ಮಂಡಿಯದ್ದು, ಇನ್ನೊಂದು ಮನೆಯದ್ದು ಸೇರಿದರೆ ಲೆಕ್ಕ ಕೂಡುವುದಾದರೂ ಹೇಗೆ? ವರ್ಡ್ ಫೈಲ್ ಆಗಿದ್ದರೆ ಇಬ್ಬರೂ ಬದಲಾಯಿಸಿದ ಎರಡು ಪ್ರತಿ ಪಕ್ಕಪಕ್ಕ ಉಳಿಯುತ್ತಿದ್ದವು, ಕೂತು ಹೋಲಿಸಬಹುದಿತ್ತು. ಡೇಟಾಬೇಸ್‌ನಲ್ಲಿ ಅದು ಆಗದ ಮಾತು.

ಪರಿಹಾರ: ಜೀವಂತ ಡೇಟಾ ಒಂದೇ ಕಂಪ್ಯೂಟರ್‌ನಲ್ಲಿ ಇರಲಿ. ದಿನದ ಕೊನೆಗೆ ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಫೈಲನ್ನು ತಾರೀಕಿನ ಹೆಸರಿಟ್ಟು ಕ್ಲೌಡ್‌ಗೆ ಹಾಕಿ. ಹಿಂದಿನ ದಿನದ ಫೈಲ್ ಮೇಲೆ ಬರೆಯಬೇಡಿ. ಆ ಮಂಡಿಯನ್ನು ಉಳಿಸಿದ್ದು ಗುಮಾಸ್ತರು ಹಳೆಯ ಅಭ್ಯಾಸದಂತೆ ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದ ಬ್ಯಾಕಪ್. ಒಂಬತ್ತು ದಿನದ ಎಂಟ್ರಿಗಳನ್ನು ಚೀಟಿ ನೋಡಿಕೊಂಡು ಮತ್ತೆ ಹಾಕಿದೆವು.

ದೊಡ್ಡವರಿಗೂ ಆಗಿದೆ

ಚಿಕ್ಕ ಆಫೀಸಿನ ಅಜಾಗರೂಕತೆ ಇದು ಅಂತ ಅನ್ನಿಸಬಹುದು. ಹಾಗೇನಿಲ್ಲ. ಎರಡು ಪ್ರಕರಣ ಓದಿಕೊಳ್ಳಿ, ಪರೀಕ್ಷೆಯಲ್ಲಿ ಉದಾಹರಣೆ ಕೊಡಲೂ ಆಗುತ್ತದೆ.

2024ರ ಮೇ. ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ನಿಧಿ. ಸದಸ್ಯರು 6 ಲಕ್ಷಕ್ಕೂ ಜಾಸ್ತಿ. ಅವರ ವ್ಯವಸ್ಥೆ ಗೂಗಲ್ ಕ್ಲೌಡ್‌ನ ಖಾಸಗಿ ಕ್ಲೌಡ್ ಒಂದರಲ್ಲಿ ನಡೆಯುತ್ತಿತ್ತು. ಅದನ್ನು ಸಿದ್ಧಪಡಿಸಿದಾಗ ಗೂಗಲ್ ಕಡೆಯವರು ತುಂಬಬೇಕಿದ್ದ ಒಂದು ಸೆಟ್ಟಿಂಗನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದಕ್ಕೆ ತಾನಾಗಿಯೇ ಒಂದು ವರ್ಷದ ಅವಧಿ ಬಿತ್ತು. ವರ್ಷ ಮುಗಿದಾಗ, ಗ್ರಾಹಕರಿಗೆ ಒಂದು ಸೂಚನೆಯೂ ಇಲ್ಲದೆ, ಅಷ್ಟೂ ಅಳಿಸಿಹೋಯಿತು. ಸದಸ್ಯರು ಒಂದು ವಾರಕ್ಕೂ ಹೆಚ್ಚು ಕಾಲ ತಮ್ಮ ಖಾತೆ ನೋಡಲಾಗಲಿಲ್ಲ. ಬೇರೆಯಾಗಿ ಇಟ್ಟಿದ್ದ ಬ್ಯಾಕಪ್ ಇದ್ದುದರಿಂದ ಎಲ್ಲ ವಾಪಸ್ ಬಂತು. ಇದು ಫೈಲ್ ಸ್ಟೋರೇಜ್‌ಗಿಂತ ದೊಡ್ಡ ವ್ಯವಸ್ಥೆ, ನಿಜ. ಆದರೆ ಪಾಠ ನಮ್ಮ ಸೆಪ್ಟೆಂಬರ್‌ದೇ: ಬೇರೆ ಕಡೆ ಪ್ರತಿ ಇಲ್ಲದಿದ್ದರೆ ಅಳಿಸಿದ್ದು ಹೋದ ಹಾಗೇ.

ಇನ್ನೊಂದು ನಮ್ಮ ದೇಶದ್ದೇ. ನಯಾರಾ ಎನರ್ಜಿಗೆ ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಸಾಮರ್ಥ್ಯದ ತೈಲ ಶುದ್ಧೀಕರಣ ಘಟಕ ಇದೆ. ರಷ್ಯಾದ ರೋಸ್ನೆಫ್ಟ್‌ಗೆ ಅದರಲ್ಲಿ ಶೇ. 49ರಷ್ಟು ಪಾಲು. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ನಯಾರಾ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆಗಳು ನಿಂತವು. ಇಮೇಲ್ ಇಲ್ಲ, ಟೀಮ್ಸ್ ಇಲ್ಲ. ಹಣ ಕಟ್ಟಿದ ಲೈಸೆನ್ಸ್ ಇದ್ದೂ ನಮ್ಮದೇ ಡೇಟಾ ನಮಗೆ ಸಿಗುತ್ತಿಲ್ಲ ಅಂತ ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ಜುಲೈ ಕೊನೆಗೆ ಸೇವೆ ಮತ್ತೆ ಶುರುವಾಯಿತು. ನಿರ್ಬಂಧ ಭಾರತದ ಕಾನೂನಿನದ್ದಲ್ಲ, ಆದರೂ ಪೆಟ್ಟು ಇಲ್ಲಿ ಬಿತ್ತು. ಸರ್ವರ್ ಎಲ್ಲಿದೆ ಅನ್ನುವುದರ ಜೊತೆಗೆ ಸೇವೆ ಕೊಡುವವರು ಯಾವ ದೇಶದ ಮಾತು ಕೇಳಬೇಕಾಗುತ್ತದೆ ಅನ್ನೋದನ್ನೂ ನೋಡಬೇಕು ಅಂತ ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಜಾಗ, ವೇಗ

ಇದು ಬೇಗ ಮುಗಿಯುವ ಭಾಗ. "ಮಿತಿಯಿಲ್ಲ" ಅನ್ನುವ ಪ್ಲಾನ್ ನಂಬಿ ವ್ಯವಸ್ಥೆ ಕಟ್ಟಬೇಡಿ. ಡ್ರಾಪ್‌ಬಾಕ್ಸ್ ತನ್ನ ಅಡ್ವಾನ್ಸ್ಡ್ ಪ್ಲಾನ್‌ನಲ್ಲಿ ಬೇಕಾದಷ್ಟು ಜಾಗ ಕೊಡುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿ, ಮೂರು ಲೈಸೆನ್ಸ್‌ಗೆ 15 ಟಿಬಿ ಅಂತ ಮಿತಿ ಹಾಕಿತು. ಕೆಲವರು ಕ್ರಿಪ್ಟೋ ಮೈನಿಂಗ್‌ಗೆ, ಜಾಗ ಮರುಮಾರಾಟಕ್ಕೆ ಬಳಸುತ್ತಿದ್ದಾರೆ ಅನ್ನೋದು ಅದು ಕೊಟ್ಟ ಕಾರಣ.

ವೇಗದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ. ಇಂಟರ್ನೆಟ್ ವೇಗ ಬಿಟ್‌ನಲ್ಲಿ, ಫೈಲ್ ಗಾತ್ರ ಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. ಆಫೀಸಿನ ಹಳೆಯ ಸ್ಕ್ಯಾನ್‌ಗಳು 200 ಜಿಬಿ ಇವೆ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದುಕೊಳ್ಳಿ. 200 ಜಿಬಿ ಅಂದರೆ 16 ಲಕ್ಷ ಮೆಗಾಬಿಟ್. 20ರಿಂದ ಭಾಗಿಸಿದರೆ 80,000 ಸೆಕೆಂಡ್, ಅಂದರೆ ಸುಮಾರು 22 ಗಂಟೆ. ಅದೂ ಕರೆಂಟ್ ಹೋಗದೆ ಇದ್ದರೆ. ವಾಪಸ್ ಇಳಿಸಿಕೊಳ್ಳಲೂ ಹೀಗೇ ಸಮಯ ಬೇಕು. ಕಂಪ್ಯೂಟರ್ ಕೆಟ್ಟ ದಿನ ಇದು ನೆನಪಾದರೆ ತಡವಾಗಿರುತ್ತದೆ. ಅದಕ್ಕೇ ಆಫೀಸಿನಲ್ಲೇ ಒಂದು ಹಾರ್ಡ್‌ಡಿಸ್ಕ್ ಪ್ರತಿ ಇರಬೇಕು.

ನುಡಿ, ಬರಹದ ಹಳೆಯ ಫೈಲ್‌ಗಳು

ಕನ್ನಡದಲ್ಲಿ ಕಡತ ಇಟ್ಟಿರುವ ಸಹಕಾರ ಸಂಘಗಳು, ಡಿಟಿಪಿ ಅಂಗಡಿಗಳು ಗಮನಿಸಬೇಕಾದದ್ದು ಇದು. ಯೂನಿಕೋಡ್ (ಎಲ್ಲ ಸಾಧನಗಳೂ ಅಕ್ಷರವನ್ನು ಒಂದೇ ಥರ ಗುರುತಿಸುವ ಪದ್ಧತಿ) ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲನ್ನು ಕ್ಲೌಡ್‌ಗೆ ಹಾಕಿ ಮೊಬೈಲ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಆ ಫಾಂಟ್ ಅಲ್ಲಿಲ್ಲ, ಅಷ್ಟೇ. ಪಿಡಿಎಫ್ ಮಾಡಿ ಹಾಕಿದರೆ ಓದಲು ಬರುತ್ತದೆ. ಆದರೆ "ಸಾಲ ಮರುಪಾವತಿ" ಅಂತ ಹುಡುಕಿದರೆ ಸಿಗುವುದಿಲ್ಲ. ಒಳಗಿರುವುದು ಆ ಪದವೇ ಅಲ್ಲವಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಹಾಕಿ. ಈ ಕೆಲಸಕ್ಕೆ ಸಮಯ ಕೊಟ್ಟ ಆಫೀಸುಗಳಿಗೆ ಹುಡುಕಾಟ ಎಷ್ಟು ಹಗುರಾಗುತ್ತದೆ ಅಂತ ನಾನೇ ನೋಡಿದ್ದೇನೆ.

ಕಾನೂನು ಕೇಳುವ ವರ್ಷಗಳು

ಟ್ರ್ಯಾಶ್‌ನ 30 ದಿನದ ಪಕ್ಕದಲ್ಲಿ ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಕಂಪನಿ ಕಾಯ್ದೆ 2013ರ ಸೆಕ್ಷನ್ 128ರ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿಯಲ್ಲಿ ಸೆಕ್ಷನ್ 36, ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು. ಇನ್ನೊಂದು, ಪರೀಕ್ಷೆಗೆ ಮುಖ್ಯ: ಕಂಪನಿಗಳು ಎಲೆಕ್ಟ್ರಾನಿಕ್ ಆಗಿ ಇಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ಅದು ಪ್ರತಿದಿನ ಆಗಬೇಕು. ಮೊದಲು "ಆಗಾಗ" ಅಂತ ಇತ್ತು.

ಮಾಡಿ ನೋಡಿ

ನಿಮ್ಮ ಆಫೀಸಿನ ಡ್ರೈವ್ ತೆರೆದು ಫೋಲ್ಡರ್‌ಗಳನ್ನು ಪಟ್ಟಿಯ ರೂಪದಲ್ಲಿ ನೋಡಿ. ಒಡೆಯರ ಹೆಸರಿರುವ ಕಾಲಂ ಇರುತ್ತದೆ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಫೋಲ್ಡರ್, ಒಡೆಯರು, ಎರಡನೇ ಪ್ರತಿ ಎಲ್ಲಿದೆ ಅಂತ ಬರೆಯುತ್ತಾ ಹೋಗಿ. ಬರೆದು ಮುಗಿದ ಮೇಲೆ ಎರಡನೇ ಪ್ರತಿಯಿಂದ ಯಾವುದಾದರೂ ಒಂದು ಫೈಲನ್ನು ನಿಜವಾಗಿ ತೆರೆದು ನೋಡಿ. ಆ ಸೆಪ್ಟೆಂಬರ್ ಕಳೆದ ಮೇಲೆ ನಾವು ಹೀಗೆ ಮಾಡಿದಾಗ ಇನ್ನೂ ಆರು ಕ್ಲೈಂಟ್‌ಗಳ ಫೋಲ್ಡರ್ ಆಫೀಸು ಬಿಟ್ಟು ಹೋಗಿದ್ದವರ ಜಿಮೇಲ್‌ನಲ್ಲಿತ್ತು. ಅವರಲ್ಲಿ ಒಬ್ಬರಿಗೆ ಆ ಖಾತೆಯ ಪಾಸ್‌ವರ್ಡೇ ಮರೆತುಹೋಗಿತ್ತು. ಅವತ್ತು ರಾತ್ರಿ ಹತ್ತೂವರೆವರೆಗೆ ಕೂತು ಆರನ್ನೂ ಇಳಿಸಿಕೊಂಡೆವು.