ಮೊದಲ ಹದಿನೈದು ದಿನ ಮತ್ತು ಪೂರ್ತಿ ಫೀಸು

ನಮ್ಮ ಸೆಂಟರಿಗೆ ಬರುವವರು ಮೊದಲು ಕೇಳುವುದು, "ಫೀಸ್ ಎಷ್ಟು ಟೀಚರ್?" ಆಮೇಲೆ, "ಕೆಲಸ ಸಿಗ್ತದಾ?" ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಎರಡು ವಾರ ಕಳೆದು ನನಗೆ ಆಗದೆ ಬಿಟ್ಟರೆ ಹಣ ಏನಾಗುತ್ತದೆ? ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕಂಪ್ಯೂಟರ್, ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿಸುತ್ತಾ ನನಗೆ ಗೊತ್ತಾದದ್ದು ಇಷ್ಟು. ಸಂಸಾರ ಇರುವ, ದುಡಿಯುವ ದೊಡ್ಡವರು ತರಬೇತಿಗೆ ಸೇರುವಾಗ ಕೇಳಲೇಬೇಕಾದ ಪ್ರಶ್ನೆ ಅದೇ.

ಲೆಕ್ಕ ಹೇಳುತ್ತೇನೆ. ಇಪ್ಪತ್ತು ಜನರ ಬ್ಯಾಚು ಅಂತ ಇಟ್ಟುಕೊಳ್ಳಿ. ಕೋಣೆ ಬಾಡಿಗೆ, ಕರೆಂಟು ಬಿಲ್ಲು, ಕಲಿಸುವವರ ಸಂಬಳ ಯಾವುದೂ ಹತ್ತು ಜನ ಬಂದರೆ ಅರ್ಧ ಆಗುವುದಿಲ್ಲ. ಫ್ರಾಂಚೈಸಿ ಸೆಂಟರ್, ಅಂದರೆ ದೊಡ್ಡ ಕಂಪೆನಿಯೊಂದರ ಹೆಸರಿನಲ್ಲಿ ನಡೆಸುವುದು ಆದರೆ ಪ್ರತಿ ವಿದ್ಯಾರ್ಥಿಯ ಫೀಸಿನಲ್ಲಿ ಒಂದು ಪಾಲು ಮೇಲಿನ ಕಂಪೆನಿಗೂ ಹೋಗಬೇಕು. ಹಾಗಾಗಿ ಪೂರ್ತಿ ಫೀಸು ಮೊದಲೇ ತೆಗೆದುಕೊಳ್ಳುವ ಆಸೆ ಮಾಲೀಕರಿಗೆ ಇರುತ್ತದೆ. ಅದು ನನಗೂ ಅರ್ಥವಾಗುತ್ತದೆ. ಆದರೆ ಅದರಿಂದ ಒಂದು ಕೆಟ್ಟದ್ದು ಹುಟ್ಟುತ್ತದೆ. ಪೂರ್ತಿ ಹಣ ಕೊಟ್ಟು ಮಧ್ಯೆ ಬಿಟ್ಟುಹೋದವರು ಸೆಂಟರಿಗೆ ಬರೀ ಲಾಭ. ಅವರಿಗೆ ಕಲಿಸುವ ಖರ್ಚಿಲ್ಲ, ಅವರ ಕಂಪ್ಯೂಟರನ್ನು ಇನ್ನೊಬ್ಬರಿಗೆ ಕೊಡಬಹುದು. ಹಾಗಿರುವಾಗ ಯಾಕೆ ಬಿಟ್ಟರು ಅಂತ ಫೋನ್ ಮಾಡಿ ಕೇಳುವವರು ಯಾರು?

ಪೆರ್ಲ ಕಡೆಯ ಒಬ್ಬರು ಅಕ್ಕ ಹೀಗೆಯೇ ಹಣ ಕಳೆದುಕೊಂಡಿದ್ದರು. ಬೇರೆ ಕಡೆ ಪ್ರೀ ಪ್ರೈಮರಿ ಟೀಚರ್ ಕೋರ್ಸಿಗೆ ಪೂರ್ತಿ ಕಟ್ಟಿ, ಒಂಬತ್ತು ದಿನ ಹೋಗಿ ನಿಲ್ಲಿಸಿದರು. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ನನ್ನ ಹತ್ತಿರ ಬಂದಾಗ ಅವರು ಹೇಳಿದ್ದು, "ನಂಗೆ ತಲೆಗೆ ಹೋಗುದಿಲ್ಲ ಟೀಚರ್." ತಲೆಗೆ ಹೋಗದ್ದಲ್ಲ. ಅವರು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮನೆಯಲ್ಲಿ ತುಳು. ಆ ಕೋರ್ಸಿನ ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಮಲಯಾಳಂನಲ್ಲಿ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುವ ಮಲಯಾಳಂ ಬೇರೆ, ಪಾಠ ಕೇಳಿ ಬರೆದುಕೊಳ್ಳುವ ಮಲಯಾಳಂ ಬೇರೆ ಅಲ್ವಾ?

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಶಾಲೆಗಳು ಉಳಿದವು. ಆದರೆ ಶಾಲೆ ಮುಗಿದ ಮೇಲೆ ಕೆಲಸದ ವಿದ್ಯೆಯನ್ನು ಕನ್ನಡದಲ್ಲಿ ಹೇಳಿಕೊಡುವವರು ಕಮ್ಮಿ. ನಾನು ಟ್ಯಾಲಿಯ ಮೊದಲ ಎರಡು ವಾರ ಕನ್ನಡ, ತುಳು ಬಿಟ್ಟು ಬೇರೆ ಮಾತಾಡುವುದಿಲ್ಲ. ಕಂಪ್ಯೂಟರ್ ಕೂಡ ಮುಟ್ಟಿಸುವುದಿಲ್ಲ. "ನೀವು ಅಂಗಡಿಗೆ ಅಡಿಕೆ ಕೊಟ್ಟಿದ್ದೀರಿ, ಹಣ ಬರಲಿಲ್ಲ. ಅಂಗಡಿಯವರ ಹೆಸರು ನಿಮ್ಮ ಪುಸ್ತಕದ ಯಾವ ಬದಿಗೆ?" ಅಂತ ಕೇಳುತ್ತೇನೆ. ಅವರು ನಮಗೆ ಹಣ ಕೊಡಬೇಕು, ಹಾಗಾಗಿ ಡೆಬಿಟ್ ಬದಿಗೆ ಅಂತ ಒಮ್ಮೆ ಗೊತ್ತಾದರೆ ಮತ್ತೆ ಇಂಗ್ಲಿಷ್ ಪದಗಳ ಹೆದರಿಕೆ ಇರುವುದಿಲ್ಲ. ಮೂರನೇ ವಾರಕ್ಕೂ ಬಂದವರು ಹೆಚ್ಚಾಗಿ ಕೊನೆವರೆಗೂ ಬರುತ್ತಾರೆ.

ಸಮಯವೂ ಅಷ್ಟೇ ಮುಖ್ಯ. ಹತ್ತೂವರೆಯಿಂದ ಹನ್ನೆರಡೂವರೆ ಅಂತ ಇಟ್ಟಿದ್ದೇನೆ. ಮಕ್ಕಳನ್ನು ಶಾಲೆಗೆ ಕಳಿಸಿ ಬಸ್ಸು ಹತ್ತಿ ಬರಬೇಕು, ಮಧ್ಯಾಹ್ನದ ಊಟಕ್ಕೆ ಮನೆ ತಲಪಬೇಕು.

ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. "ಸರ್ಕಾರದಲ್ಲಿ ನೋಂದಣಿ ಆಗಿದೆ" ಅಂತ ಬೋರ್ಡಿನಲ್ಲಿದ್ದರೆ ಏನು ನೋಂದಣಿ ಅಂತ ಕೇಳಿ. ಟ್ರಸ್ಟ್ ನೋಂದಣಿ, ಸಣ್ಣ ಉದ್ದಿಮೆಯ ನೋಂದಣಿ ಯಾರು ಬೇಕಾದರೂ ಮಾಡಿಸಬಹುದು. ಐಎಸ್‌ಒ ಅನ್ನುವುದು ಸಂಸ್ಥೆ ನಡೆಸುವ ಕ್ರಮಕ್ಕೆ ಸಿಗುವುದು. ಇವು ಯಾವುದೂ ಕೋರ್ಸಿಗೆ ಸಿಕ್ಕಿದ ಮಾನ್ಯತೆ ಅಲ್ಲ. ಪಿಎಸ್‌ಸಿ (ಸರ್ಕಾರಿ ಕೆಲಸದ) ಪರೀಕ್ಷೆಗೆ ಬೇಕು ಅಂತ ಸೇರುವವರು ಮೊದಲು ಆ ಹುದ್ದೆಯ ಅಧಿಸೂಚನೆ ಓದಿ, ಅದರಲ್ಲಿ ಹೇಳಿದ ಅರ್ಹತೆಗೆ ಈ ಸರ್ಟಿಫಿಕೇಟ್ ಹೊಂದುತ್ತದಾ ನೋಡಬೇಕು. ಹತ್ತನೇ ತರಗತಿ ಆಗದವರು "ಮೂರು ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ" ಅನ್ನುವವರಿಗೆ ಸುಮ್ನೆ ಹಣ ಕೊಡಬೇಡಿ. ಕೇರಳ ಸಾಕ್ಷರತಾ ಮಿಷನ್‌ನ ತುಲ್ಯತಾ ಪರೀಕ್ಷೆ (ಶಾಲೆಯ ಪರೀಕ್ಷೆಗೆ ಸಮಾನವಾದದ್ದು) ಇದೆ. 17 ತುಂಬಿದವರು ಹತ್ತನೆಯದಕ್ಕೆ, 22 ತುಂಬಿದವರು ಪ್ಲಸ್ ಟುಗೆ ಸೇರಬಹುದು. ಪಂಚಾಯತಿನಲ್ಲಿ ವಿಚಾರಿಸಿದರೆ ಹೇಳುತ್ತಾರೆ.

ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅನ್ನುವ ಜಾಹೀರಾತುಗಳಿಗೆ ಈಗ ತಡೆ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಸೆಂಟರುಗಳ ಸುಳ್ಳು ಜಾಹೀರಾತಿನ ಬಗ್ಗೆ ನಿಯಮ ತಂದಿತು. ಐವತ್ತಕ್ಕಿಂತ ಜಾಸ್ತಿ ಜನ ಕಲಿಯುವ ಸೆಂಟರುಗಳಿಗೆ ಅದು ಅನ್ವಯ. ನಮ್ಮ ಊರಿನ ಸಣ್ಣ ಸೆಂಟರುಗಳು ಅದರೊಳಗೆ ಬರುವುದಿಲ್ಲ. ಹಾಗೆಂದು ಸುಮ್ಮನಿರಬೇಕಾಗಿಲ್ಲ. ಮೋಸ ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಹೇಳಿಕೊಳ್ಳಲು ಕೈಯಲ್ಲಿ ರಶೀದಿ ಬೇಕು. ಪೆರ್ಲದ ಅಕ್ಕನ ಹತ್ತಿರ ಅದು ಇರಲಿಲ್ಲ. ನೋಟು ಎಣಿಸಿ ಕೊಟ್ಟು ಬಂದಿದ್ದರು.

ನಾನು ಫೀಸನ್ನು ಮೂರು ಕಂತು ಮಾಡಿದ್ದೇನೆ. ಮೊದಲನೆಯದು ಹದಿನೈದು ದಿನಕ್ಕೆ ಮಾತ್ರ. ಅಷ್ಟರಲ್ಲಿ ಬಿಟ್ಟರೆ ಮುಂದಿನದು ಕೊಡಬೇಕಾಗಿಲ್ಲ. ಇದರಿಂದ ಕೈಗೆ ಹಣ ಕಮ್ಮಿ ಬಂದು, ಶುರುವಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಾಡಿಗೆಗೆ ಸಾಲ ಮಾಡಿದ್ದೂ ಉಂಟು. ಈಗ ಯಾರಾದರೂ ಎರಡು ದಿನ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಅವರು ಬರಬೇಕಾದ ಅಗತ್ಯ ನನಗೂ ಇದೆ. ಬೇರೆಲ್ಲೇ ಸೇರುವುದಾದರೂ ಮೂರು ದಿನ ಪಾಠದಲ್ಲಿ ಕೂತು ನೋಡಲು ಬಿಡುತ್ತಾರಾ ಕೇಳಿ. ಹಣ ವಾಪಸಾತಿಯ ಷರತ್ತನ್ನು ರಶೀದಿಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.