ನಿಯಮ ಅನ್ಯಾಯ ಅನ್ನಿಸಿದರೆ ಕೋರ್ಟ್ ರದ್ದು ಮಾಡುತ್ತದೆಯೇ?

"ಈ ರೂಲ್ ಸರಿಯಿಲ್ಲ ಸಾರ್, ರಿಟ್ ಹಾಕೋಣ" ಎಂದು, ಅಂದರೆ ನೇರ ಹೈಕೋರ್ಟ್‌ಗೆ ಅರ್ಜಿ ಕೊಡೋಣ ಎಂದು, ಕಕ್ಷಿದಾರರು ಬಂದಾಗ ನಾನು ಮೊದಲು ತೆಗೆಯುವುದು ಕಾಯ್ದೆಯ ಪುಸ್ತಕವನ್ನು. ಜಿಎಸ್‌ಟಿ ಕಾಯ್ದೆ ಮಾಡಿದ್ದು ಸಂಸತ್ತು. ನಿಯಮಗಳನ್ನು ಸೆಕ್ಷನ್ 164ರ ಅಧಿಕಾರದಲ್ಲಿ ಸರ್ಕಾರ ಮಾಡುತ್ತದೆ. ನಿಯಮ ಕಾಯ್ದೆಯನ್ನು ಮೀರಿದೆಯಾ ಅಂತ ಕೋರ್ಟ್ ನೋಡುತ್ತದೆ. ಮೀರಿಲ್ಲ ಅಂದರೆ, ಲೆಕ್ಕ ಒರಟಾಗಿದ್ದರೂ ಸಾಮಾನ್ಯವಾಗಿ ಕೈ ಹಾಕುವುದಿಲ್ಲ.

ಚಪ್ಪಲಿ ತಯಾರಕ ಕಂಪನಿ ವಿಕೆಸಿ ಫುಟ್‌ಸ್ಟೆಪ್ಸ್‌ನ ಪ್ರಕರಣ ನೋಡಿ. ಕಚ್ಚಾ ಮಾಲಿನ ಮೇಲೆ ತೆರಿಗೆ ಜಾಸ್ತಿ, ತಯಾರಾದ ಚಪ್ಪಲಿಯ ಮೇಲೆ ಕಡಿಮೆ. ಹೀಗೆ ಉಳಿದುಹೋದ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ, ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದಾದ ತೆರಿಗೆ) ಅನ್ನು ಸೆಕ್ಷನ್ 54(3)ರಲ್ಲಿ ರೀಫಂಡ್ ಕೇಳಬಹುದು. ಆದರೆ ನಿಯಮ 89(5)ರ ಸೂತ್ರ ಸರಕಿನ ಕ್ರೆಡಿಟ್ ಮಾತ್ರ ಎಣಿಸುತ್ತದೆ, ಬಾಡಿಗೆ, ಜಾಬ್‌ವರ್ಕ್‌ನಂಥ (ಹೊರಗೆ ಕೊಟ್ಟು ಮಾಡಿಸುವ ಕೆಲಸ) ಸೇವೆಗಳದ್ದನ್ನು ಬಿಡುತ್ತದೆ. 2020ರಲ್ಲಿ ಗುಜರಾತ್ ಹೈಕೋರ್ಟ್ ಇದು ಕಾಯ್ದೆಗೆ ವಿರುದ್ಧ ಎಂದಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಸರಿಯಿದೆ ಎಂದಿತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಸೆಕ್ಷನ್‌ನಲ್ಲೇ 'ಇನ್‌ಪುಟ್' ಅಂತಿದೆ, ಅದರ ಅರ್ಥ ಸರಕು.

ಸೂತ್ರದಲ್ಲಿ ಇನ್ನೊಂದು ತೊಡಕಿತ್ತು. ಸರಕಿನ ಕ್ರೆಡಿಟ್ 1,00,000, ಸೇವೆಯದ್ದು 50,000, ಮಾರಾಟದ ತೆರಿಗೆ 90,000 ರೂಪಾಯಿ ಅಂದುಕೊಳ್ಳಿ. ಮಾರಾಟವೆಲ್ಲ ಕಡಿಮೆ ದರದ್ದೇ. ಹಳೆಯ ಸೂತ್ರ ಆ 90,000ವನ್ನು ಪೂರ್ತಿ ಸರಕಿನ ಕ್ರೆಡಿಟ್‌ನಿಂದಲೇ ಕಳೆಯುತ್ತಿತ್ತು. ರೀಫಂಡ್ ಬರೀ 10,000. ನಿಜಕ್ಕೂ ಸೇವೆಯ ಕ್ರೆಡಿಟ್ ಕೂಡ ತೆರಿಗೆ ಕಟ್ಟಲು ಬಳಕೆಯಾಗಿರುತ್ತದೆ ಅಲ್ವಾ? ಈ ಅಸಂಗತತೆಯನ್ನು ಕೋರ್ಟ್ ಒಪ್ಪಿತು. ಆದರೂ ತಾನೇ ತಿದ್ದಲಿಲ್ಲ, ಕೇಂದ್ರ, ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿ ಪರಿಶೀಲಿಸಲಿ ಎಂದಿತು. 2022ರ ಜುಲೈನಲ್ಲಿ ಸೂತ್ರ ಬದಲಾಯಿತು. ಈಗ ಆ 90,000ವನ್ನು ಸರಕು, ಸೇವೆಗಳ ಕ್ರೆಡಿಟ್‌ನ ಅನುಪಾತದಲ್ಲಿ ಹಂಚಿ ಸರಕಿನಿಂದ 60,000 ಮಾತ್ರ ಕಳೆಯುವುದರಿಂದ ಅದೇ ಲೆಕ್ಕಕ್ಕೆ 40,000 ಬರುತ್ತದೆ. ಕೋರ್ಟ್ ಮಾಡಿದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಸೂತ್ರ ಬರೆಯುವುದು ನ್ಯಾಯಾಧೀಶರ ಕೆಲಸವಲ್ಲ. ಆದರೆ ಆ ನಡುವಿನ ವರ್ಷಗಳಲ್ಲಿ ಸಣ್ಣ ಕಾರ್ಖಾನೆಗಳ ದುಡ್ಡು ಸಿಕ್ಕಿಕೊಂಡಿತ್ತು, ಅದು ನೋವಿನ ಸಂಗತಿ.

ಹಾಗಂತ ಕೋರ್ಟ್ ಎಲ್ಲಕ್ಕೂ ತಲೆಯಾಡಿಸುವುದಿಲ್ಲ. ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ, 2022ರ ಮೇ ತಿಂಗಳಲ್ಲಿ, ಹಡಗು ಸಾಗಣೆಯ ಮೇಲೆ ಆಮದುದಾರರಿಂದ ಪ್ರತ್ಯೇಕವಾಗಿ 5% ತೆರಿಗೆ ಕೇಳುವುದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಗಣೆ ವೆಚ್ಚ ಸೇರಿದ ಮಾಲಿನ ಬೆಲೆಗೆ ಐಜಿಎಸ್‌ಟಿ (ಆಮದು ಮತ್ತು ಅಂತರರಾಜ್ಯ ವ್ಯಾಪಾರದ ಜಿಎಸ್‌ಟಿ) ಆಗಲೇ ಕಟ್ಟಿಯಾಗಿತ್ತು. ಸಂಯುಕ್ತ ಪೂರೈಕೆಯ (ಸರಕು, ಸೇವೆ ಒಟ್ಟಿಗೇ ಬರುವ ಪೂರೈಕೆ) ಬಗೆಗಿನ ಸೆಕ್ಷನ್ 8ಕ್ಕೆ ಈ ವಸೂಲಿ ವಿರುದ್ಧವಾಗಿತ್ತು.

ಸೆಕ್ಷನ್‌ನ ಮಾತು ನಮ್ಮ ಕಡೆಗಿದ್ದರೆ ನಾನು ರಿಟ್ ಅರ್ಜಿ ತಯಾರಿಸಲು ಹೇಳುತ್ತೇನೆ. ಲೆಕ್ಕ ಮಾತ್ರ ನಮ್ಮ ಕಡೆಗಿದ್ದರೆ, ಆ ಲೆಕ್ಕದ ಹಾಳೆ ಸಮೇತ ವ್ಯಾಪಾರಿ ಸಂಘದ ಮೂಲಕ ಮಂಡಳಿಗೆ ಮನವಿ ಕೊಡಿಸುತ್ತೇನೆ.