ಸಣ್ಣ ರಿಪೇರಿ ಯಾರ ತಲೆಗೆ? ಸೆಕೆಂಡ್ ಹ್ಯಾಂಡ್ ಕಾರಿನ ಹಳೇ ತಕರಾರು

ಕೆಲವು ವರ್ಷಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿದ್ದೆ. ಡೀಲರ್ ಅಂಗಳದಲ್ಲಿ ಕಾರು ಮದುವೆ ಗಂಡಿನ ಹಾಗೆ ನಿಂತಿತ್ತು. ಮೈತುಂಬಾ ಪಾಲಿಶ್, ಟೈರಿಗೆ ಕಪ್ಪು ಬಣ್ಣ, ಒಳಗೆ ಘಮಘಮ ವಾಸನೆ. ಆದರೆ ಹಿಂದಿನ ಎಡಗಡೆ ಕಿಟಕಿ ಇಳಿಯುತ್ತಿರಲಿಲ್ಲ. ವೈಪರ್ ಗಾಜಿನ ಮೇಲೆ ಕರಕರ ಎನ್ನುತ್ತಿತ್ತು. ಕೇಳಿದ್ದಕ್ಕೆ ಡೀಲರ್ ನಕ್ಕರು. "ಅದೆಲ್ಲಾ ಸಣ್ಣಪುಟ್ಟದ್ದು ಸರ್. ನಿಮ್ಮ ಮೆಕ್ಯಾನಿಕ್ ಹತ್ರಾನೇ ಮಾಡಿಸ್ಕೊಳ್ಳಿ. ಬೇಕಾದ್ರೆ ಮೂರು ಸಾವಿರ ಕಮ್ಮಿ ಕೊಡಿ."

ಪಾಲಿಶ್‌ಗೆ ಖರ್ಚು ಮಾಡಿದವರು ಕಿಟಕಿಗೆ ಯಾಕೆ ಮಾಡಲಿಲ್ಲ? ಆವತ್ತು ಇದನ್ನು ಡೀಲರ್‌ನ ಜಿಪುಣತನ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಂತೆ, ಇದು ಕೋರ್ಟು, ಪಾರ್ಲಿಮೆಂಟುಗಳವರೆಗೆ ಹೋಗಿ ಬಂದ ತಕರಾರು ಎಂದು ಗೊತ್ತಾಯಿತು.

ನನ್ನ ಮತ್ತು ಆ ಡೀಲರ್‌ನ ಮಾತುಕತೆ ಇಂಗ್ಲೆಂಡ್‌ನಲ್ಲಿ 1960ರ ದಶಕದಲ್ಲೇ ಹೆಚ್ಚುಕಡಿಮೆ ಹಾಗೇ ನಡೆದಿತ್ತು. ಗ್ರಾಹಕನೊಬ್ಬ ಹಳೆಯ ಜಾಗ್ವಾರ್ ಕೊಳ್ಳಲು ಹೋದ. ಕ್ಲಚ್‌ನಲ್ಲಿ ಸಣ್ಣ ತೊಂದರೆ ಇದೆ ಎಂದು ಡೀಲರ್ ಮೊದಲೇ ಹೇಳಿದ. ನಾವೇ ಸರಿ ಮಾಡಿಸಿ ಕೊಡಬೇಕಾದರೆ ಒಂದು ಬೆಲೆ, ನೀವೇ ಮಾಡಿಸಿಕೊಂಡರೆ 25 ಪೌಂಡ್ ಕಡಿಮೆ ಎಂದ. ಗ್ರಾಹಕ ಕಡಿಮೆ ಬೆಲೆಯನ್ನೇ ಆರಿಸಿಕೊಂಡ. ನಾವು ಯಾರಿದ್ದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಕೆಲವು ವಾರ ಓಡಿಸಿ, ಬಿಚ್ಚಿಸಿ ನೋಡಿದಾಗ ಕ್ಲಚ್ ಹೇಳಿದ್ದಕ್ಕಿಂತ ಜಾಸ್ತಿ ಕೆಟ್ಟಿತ್ತು. ರಿಪೇರಿ ಖರ್ಚು 80 ಪೌಂಡ್ ದಾಟಿತು.

1965ರಲ್ಲಿ ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಗೆದ್ದದ್ದು ಡೀಲರ್. ಹಳೆಯ ಕಾರು ಕೊಳ್ಳುವವನು ಇವತ್ತಲ್ಲ ನಾಳೆ ದೋಷಗಳು ಕಾಣಿಸಿಕೊಳ್ಳುತ್ತವೆ ಎಂದು ತಿಳಿದೇ ಇರಬೇಕು, ಸ್ಪಷ್ಟವಾಗಿ ಗ್ಯಾರಂಟಿ ಪಡೆಯದಿದ್ದರೆ ಪರಿಹಾರವಿಲ್ಲ ಎನ್ನುವುದು ಲಾರ್ಡ್ ಡೆನ್ನಿಂಗ್ ಅವರ ತೀರ್ಪಿನ ತಿರುಳು. ಕಾರು ರಸ್ತೆಯ ಮೇಲೆ ಸುರಕ್ಷಿತವಾಗಿ ಓಡುವಂತಿದ್ದರೆ ಸಾಕು, ಅಚ್ಚುಕಟ್ಟಾಗಿ ಇರಬೇಕಾಗಿಲ್ಲ.

ಡೆನ್ನಿಂಗ್ ಮುಂದಿದ್ದ ಕಾನೂನಿನ ಮೂಲ 1893ರದ್ದು. ಸರಕು ಮಾರಾಟದ ಆ ಕಾಯ್ದೆ ಬಂದಾಗ ಕಾರಿನ ವ್ಯಾಪಾರ ಎಂಬುದೇ ಇರಲಿಲ್ಲ. ನೋಡಿ ಕೊಳ್ಳುವ ಹೊಣೆ ಕೊಳ್ಳುವವನದ್ದೇ ಎಂಬುದು ಅದರ ತಳಪಾಯ. ನಮ್ಮ ಜಾನುವಾರು ಜಾತ್ರೆಯ ನಿಯಮವೂ ಅದೇ. ಎತ್ತಿನ ಹಲ್ಲು ನೋಡಿ ವಯಸ್ಸು ತಿಳಿಯಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿ ನೋಡಬೇಕು, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಮನೆಗೆ ಹೊಡೆದುಕೊಂಡು ಬಂದ ಮೇಲೆ ಎತ್ತು ಕುಂಟಿದರೆ ಮಾರಿದವನ ತಪ್ಪಲ್ಲ. ಆದರೆ ಎತ್ತಿನ ಬಾಯಿ ತೆರೆದರೆ ಹಲ್ಲು ಕಾಣುತ್ತದೆ. ಬಾನೆಟ್ ತೆರೆದರೆ ಕ್ಲಚ್ ಪ್ಲೇಟ್ ಕಾಣುವುದಿಲ್ಲ.

ಅದೇ ಇಂಗ್ಲಿಷ್ ಕಾಯ್ದೆಯ ಅಚ್ಚಿನಲ್ಲಿ 1930ರಲ್ಲಿ ಭಾರತದ ಸರಕು ಮಾರಾಟ ಕಾಯ್ದೆ ಬಂತು. ಅದರ 16ನೇ ಕಲಂ ಇವತ್ತಿಗೂ ಜಾರಿಯಲ್ಲಿದೆ. ಸರಕಿನ ಗುಣಮಟ್ಟಕ್ಕೆ ಮಾರುವವನು ತಾನಾಗಿ ಹೊಣೆಯಲ್ಲ ಎನ್ನುವುದು ಅದರ ಮೊದಲ ಮಾತು. ಆಮೇಲೆ ಕೆಲವು ವಿನಾಯಿತಿ. ಅಂಥ ಸರಕಿನ ವ್ಯಾಪಾರವನ್ನೇ ಕಸುಬಾಗಿ ಮಾಡುವವರಿಂದ ವಿವರಣೆ ನಂಬಿ ಕೊಂಡಿದ್ದರೆ ಅದು ಮಾರಾಟಕ್ಕೆ ಯೋಗ್ಯವಾಗಿರಲೇಬೇಕು. ಅದರ ಬೆನ್ನಿಗೇ ಒಂದು ಷರತ್ತು: ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ಇಲ್ಲ.

ನನ್ನ ಮಟ್ಟಿಗೆ ಸಣ್ಣ ರಿಪೇರಿಯ ಇಡೀ ಜಗಳ ಈ ಷರತ್ತಿನಲ್ಲಿದೆ. ಇಳಿಯದ ಕಿಟಕಿ, ಕರಕರ ಎನ್ನುವ ವೈಪರ್, ಉರಿಯದ ಫಾಗ್ ಲ್ಯಾಂಪ್ ಇವೆಲ್ಲಾ ನೋಡಿದರೆ ಕಾಣುವಂಥವು. ನಾವು ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಸುತ್ತ ನೋಡಿ, ಒಂದು ರೌಂಡ್ ಓಡಿಸಿ ಬಂದರೆ ಅಲ್ಲಿಗೆ ಅವು ನಮ್ಮವಾದವು. ಡೀಲರ್‌ಗಳು ಡೆಲಿವರಿ ನೋಟ್‌ನಲ್ಲಿ 'ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಪಡೆದಿದ್ದೇನೆ' ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳುವುದು ಸುಮ್ನೆ ಅಲ್ಲ.

ನಮಗೆ ಅಚ್ಚು ಕೊಟ್ಟ ಇಂಗ್ಲೆಂಡ್ ಈ ನಡುವೆ ಮುಂದೆ ಹೋಯಿತು. 1994ರಲ್ಲಿ ಅಲ್ಲಿನ ಕಾನೂನು 'ಮಾರಾಟಕ್ಕೆ ಯೋಗ್ಯ' ಎಂಬ ಹಳೆಯ ಮಾತನ್ನು ಬಿಟ್ಟು 'ತೃಪ್ತಿಕರ ಗುಣಮಟ್ಟ' ಎಂದು ಬರೆದುಕೊಂಡಿತು. ಆ ಗುಣಮಟ್ಟವನ್ನು ಅಳೆಯುವಾಗ ನೋಡಬೇಕಾದ ಅಂಶಗಳಲ್ಲಿ 'ಸಣ್ಣ ದೋಷಗಳು ಇಲ್ಲದಿರುವುದು' ಎಂಬುದನ್ನೂ ಸೇರಿಸಿತು. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಅದನ್ನೇ ಉಳಿಸಿಕೊಂಡು, ಗುಣಮಟ್ಟ ಸರಿಯಿಲ್ಲದ ಸರಕನ್ನು 30 ದಿನದೊಳಗೆ ವಾಪಸ್ ಕೊಡುವ ಹಕ್ಕು ಕೊಟ್ಟಿತು. ಹಾಗಂತ ಹತ್ತು ವರ್ಷ ಓಡಿದ ಕಾರು ಶೋರೂಮ್ ಕಾರಿನ ಹಾಗಿರಬೇಕು ಎಂದಲ್ಲ. ಬೆಲೆ, ವಯಸ್ಸು ಎಲ್ಲಾ ಲೆಕ್ಕಕ್ಕೆ ಬರುತ್ತವೆ. ಜೊತೆಗೆ, ಕೊಳ್ಳುವ ಮೊದಲೇ ಗ್ರಾಹಕನ ಗಮನಕ್ಕೆ ತಂದ ದೋಷವನ್ನು ಆಮೇಲೆ ಎತ್ತಿ ಆಡುವಂತಿಲ್ಲ. ಅಂದರೆ ಅಲ್ಲಿನ ಡೀಲರ್‌ಗೆ ಎರಡು ದಾರಿ: ಸರಿ ಮಾಡು, ಇಲ್ಲಾ ಬಾಯಿಬಿಟ್ಟು ಹೇಳು.

'ಬಾಯಿಬಿಟ್ಟು ಹೇಳು' ಎನ್ನುವುದು ಎಷ್ಟು ಕಷ್ಟ ಎನ್ನುವುದಕ್ಕೆ ಅಮೆರಿಕದ ಕಥೆ ಕೇಳಬೇಕು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1981ರಲ್ಲಿ ಹಳೆಯ ಕಾರುಗಳಿಗೆ ಒಂದು ನಿಯಮ ಮಾಡಿತು. ರಿಪೇರಿ ಮಾಡಿ ಎಂದು ಅದು ಹೇಳಲಿಲ್ಲ. ಕಾರು ಪರೀಕ್ಷಿಸಿ ಎಂದೂ ಹೇಳಲಿಲ್ಲ. ನಿಮಗೆ ಗೊತ್ತಿರುವ ದೊಡ್ಡ ದೋಷಗಳನ್ನು ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಬರೆಯಿರಿ, ಅಷ್ಟೇ. ಅದಕ್ಕೇ ಡೀಲರ್‌ಗಳು ಸಿಡಿದೆದ್ದರು. 1982ರಲ್ಲಿ ಸಂಸತ್ತಿನ ಎರಡೂ ಸದನಗಳು ಮತ ಹಾಕಿ ನಿಯಮವನ್ನು ತಡೆದವು. ಹೀಗೆ ತಡೆಯುವ ಅಧಿಕಾರವೇ ಸಂಸತ್ತಿಗಿಲ್ಲ ಎಂದು ಮರುವರ್ಷ ಸುಪ್ರೀಂ ಕೋರ್ಟ್ ಹೇಳಿತು. ಗೆದ್ದ ಕಮಿಷನ್ ಏನು ಮಾಡಿತು ಗೊತ್ತೇ? ಮತ್ತೆ ಕುಳಿತು ಯೋಚಿಸಿ, 'ಗೊತ್ತಿರುವ ದೋಷ' ಎಂಬ ಭಾಗವನ್ನು 1984ರಲ್ಲಿ ತಾನೇ ಕೈಬಿಟ್ಟಿತು. 1985ರಿಂದ ಅಲ್ಲಿನ ಕಾರುಗಳ ಗಾಜಿನ ಮೇಲೆ ಚೀಟಿ ಇದೆ. ವಾರಂಟಿ ಇದೆಯೋ, ಇದ್ದ ಹಾಗೇ ಮಾರುತ್ತಿದ್ದಾರೋ ಎಂದು ಅದು ಹೇಳುತ್ತದೆ. ಈ ಕಾರಿಗೆ ಏನು ಕೆಟ್ಟಿದೆ ಎಂದು ಹೇಳುವುದಿಲ್ಲ.

ಈ ಗುಟ್ಟಿನ ಅರ್ಥಶಾಸ್ತ್ರವನ್ನು ಬಿಡಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಮೂರು ಪತ್ರಿಕೆಗಳು ಬೇಡವೆಂದ ಅವರ ಪ್ರಬಂಧ 1970ರಲ್ಲಿ ಅಚ್ಚಾಯಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಕಾರಿನ ಹುಳುಕು ಮಾರುವವನಿಗಷ್ಟೇ ಗೊತ್ತಿದ್ದರೆ ಕೊಳ್ಳುವವರು ಎಲ್ಲಾ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾರೆ. ಒಳ್ಳೆಯ ಕಾರು ಇಟ್ಟುಕೊಂಡವನು ಆ ಬೆಲೆಗೆ ಮಾರಲು ಬರುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಹುಳುಕು ಮಾಲೇ. ನಮ್ಮಲ್ಲಿ ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವುದು ಎನ್ನುತ್ತಾರಲ್ಲ, ಅದೇ. ಅಕರ್ಲಾಫ್ 1967ರಲ್ಲಿ ದೆಹಲಿಗೆ ಬಂದು ಒಂದು ವರ್ಷ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ಅಕ್ಕಿಗೆ ಬೇಕಂತಲೇ ಬೆರೆಸಿದ, ಅದೇ ಬಣ್ಣದ ಕಲ್ಲುಗಳನ್ನು ಆರಿಸುತ್ತಾ ಕೂರುವ ಭಾರತದ ಗೃಹಿಣಿ ಆ ಪ್ರಬಂಧದಲ್ಲಿ ಬರುತ್ತಾಳೆ. ಕಾರಿನ ಪ್ರಬಂಧದೊಳಗೆ ನಮ್ಮ ಮೊರ ನುಸುಳಿದ್ದು ಹೀಗೆ.

ಭಾರತದಲ್ಲಿ ಮಾತ್ರ ಬಹಳ ಕಾಲ ಈ ಪ್ರಶ್ನೆಯೇ ಏಳಲಿಲ್ಲ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಹೊಸ ಕಾರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಆಗಷ್ಟೇ ಡೆಲಿವರಿಯಾದ ಕಾರಿಗೆ ಕಂಪನಿ ಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುವವರಿದ್ದರು. ಕಾರು ಸಿಕ್ಕಿದ್ದೇ ಪುಣ್ಯ ಎನ್ನುವಾಗ ವೈಪರ್ ಹಾಕಿಸಿಕೊಡಿ ಎಂದು ಕೇಳುವವರು ಯಾರು? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿಯಿತು. 1990ರ ದಶಕದಲ್ಲಿ ಲೈಸೆನ್ಸ್ ಕಟ್ಟು ಸಡಿಲವಾಗಿ ಹೊಸ ಕಂಪನಿಗಳು ಬಂದವು. ಜನ ಐದಾರು ವರ್ಷಕ್ಕೆ ಕಾರು ಬದಲಿಸಲು ಶುರು ಮಾಡಿದರು. 2001ರಲ್ಲಿ ಮಾರುತಿಯೇ ಟ್ರೂ ವ್ಯಾಲ್ಯೂ ಹೆಸರಲ್ಲಿ ಹಳೆಯ ಕಾರಿನ ವ್ಯಾಪಾರಕ್ಕಿಳಿಯಿತು. ತಪಾಸಣೆ ಮಾಡಿ, ಸರಿಪಡಿಸಿ, ವಾರಂಟಿ ಕೊಟ್ಟು ಮಾರುವುದೇ ಒಂದು ಆಕರ್ಷಣೆಯಾಯಿತು. 2015ರ ಹೊತ್ತಿಗೆ ಆ್ಯಪ್ ಕಂಪನಿಗಳೂ ಬಂದವು.

ಆದರೆ ಗಲ್ಲಿಯ ಡೀಲರ್ ವಿಷಯ ಬೇರೆ. ಅವರ ಅಂಗಳದ ಕಾರುಗಳ ಆರ್‌ಸಿ ಹಳೆಯ ಮಾಲೀಕನ ಹೆಸರಲ್ಲೇ ಇರುತ್ತಿತ್ತು. ಮುಂದಿನ ಗಿರಾಕಿ ಸಿಕ್ಕಾಗ ಸೀದಾ ಅವರ ಹೆಸರಿಗೆ. ಮಧ್ಯದಲ್ಲಿ ಡೀಲರ್ ಹೆಸರು ಎಲ್ಲೂ ಇಲ್ಲ. ತೊಂದರೆ ಎಂದು ಹೋದರೆ "ನಾನು ಬರೀ ಬ್ರೋಕರ್ ಸರ್, ಓನರ್‌ನ ಕೇಳಿ." ಆ ಓನರ್ ಕಾರಿನ ವ್ಯಾಪಾರಿಯಲ್ಲ, ಹಾಗಾಗಿ 16ನೇ ಕಲಮಿನ ವಿನಾಯಿತಿ ಅವನಿಗೆ ಅಂಟುವುದಿಲ್ಲ. ಹೊಣೆ ಗಾಳಿಯಲ್ಲಿ ಕರಗಿತು! ಇದರ ಬಿಸಿ ಹಳೆಯ ಮಾಲೀಕರಿಗೂ ತಟ್ಟಿತು. ಕಾರು ಕೈದಾಟಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. 2023ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಹಳೆಯ ವಾಹನದ ಡೀಲರ್‌ಗೆ ಅಧಿಕೃತ ಪತ್ರ ಬೇಕು, ಅದರ ಅವಧಿ 5 ವರ್ಷ. ಕಾರು ತಮಗೆ ಒಪ್ಪಿಸಲಾಗಿದೆ ಎಂದು ತಿಳಿಸಿದ ಮೇಲೆ ಡೀಲರೇ ಮಾಲೀಕ ಎಂದು ಲೆಕ್ಕ. ಟ್ರಯಲ್, ರಿಪೇರಿ, ಪೇಂಟಿಂಗ್, ತಪಾಸಣೆ ಇಂಥದ್ದಕ್ಕೆ ಬಿಟ್ಟರೆ ಕಾರನ್ನು ರಸ್ತೆಗೆ ತರುವಂತಿಲ್ಲ, ಹೋದ ಪ್ರತಿ ಸುತ್ತನ್ನೂ ದಾಖಲಿಸಬೇಕು. ಇದೆಲ್ಲಾ ಕಾಗದಪತ್ರದ ನಿಯಮ. ಆದರೂ 'ನಾನು ಬರೀ ಬ್ರೋಕರ್' ಎಂಬ ಮಾತಿನ ಬುಡ ಇದರಿಂದ ಅಲುಗಾಡಿದೆ ಎಂದು ನನಗನ್ನಿಸುತ್ತದೆ.

ಸಣ್ಣದು ಎನ್ನುವ ಕೆಲವು ದೋಷಗಳನ್ನು ಕಾನೂನು ಸಣ್ಣದೆಂದು ಒಪ್ಪುವುದೂ ಇಲ್ಲ. ಬ್ರೇಕ್, ದೀಪ, ವೈಪರ್‌ಗಳು ಮೋಟಾರು ವಾಹನ ನಿಯಮದಲ್ಲೇ ಇವೆ. ಕಾರಿನ ಟೈರಿನ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು. ಇಂಥ ನಿಯಮ ಮೀರಿದ ವಾಹನ ಮಾರುವ ಡೀಲರ್‌ಗೆ 1988ರ ಕಾಯ್ದೆಯಲ್ಲಿ 500 ರೂಪಾಯಿಯವರೆಗೆ ದಂಡವಿತ್ತು. 2019ರ ತಿದ್ದುಪಡಿ ಅದನ್ನು ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ ಎಂದು ಬದಲಿಸಿತು. ಹೊಸ ಕಾರಿನ ಡೀಲರ್, ಹಳೆಯ ಕಾರಿನ ಡೀಲರ್ ಎಂಬ ಭೇದವನ್ನು ಆ ಕಲಂ ಮಾಡಿಲ್ಲ. ಹಾಗಾಗಿ ವೈಪರ್, ಬ್ರೇಕ್ ಲೈಟ್, ಸವೆದ ಟೈರು ಇವುಗಳಲ್ಲಿ ಚೌಕಾಸಿಯೇ ಇರಬಾರದು. ಅವನ್ನು ಹಾಕಿಸಿಯೇ ಕಾರು ಹೊರಗೆ ಬಿಡಬೇಕು.

ಉಳಿದದ್ದರಲ್ಲಿ ಡೀಲರ್ ಪರವಾಗಿಯೂ ಎರಡು ಮಾತು ಹೇಳಬೇಕು. ಜಿಎಸ್‌ಟಿ ಲೆಕ್ಕ ನೋಡಿ. ಹಳೆಯ ಕಾರಿನ ವ್ಯಾಪಾರಿಗೆ ತೆರಿಗೆ ಬೀಳುವುದು ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದ ಮೊತ್ತದ ಮೇಲೆ. 2025ರ ಜನವರಿಯಿಂದ ಅದು ಎಲ್ಲಾ ಹಳೆಯ ಕಾರುಗಳಿಗೂ ಶೇ. 18. ಮೂರು ಲಕ್ಷಕ್ಕೆ ಕೊಂಡು, 20 ಸಾವಿರ ರಿಪೇರಿಗೆ ಹಾಕಿ, ಮೂರೂವರೆಗೆ ಮಾರಿದರೆ ತೆರಿಗೆ 50 ಸಾವಿರದ ಮೇಲೆ. ರಿಪೇರಿ ದುಡ್ಡು ಕೊಂಡ ಬೆಲೆಯಲ್ಲಿ ಸೇರುವುದಿಲ್ಲ. ಇನ್ನೊಂದು, ಡೀಲರ್ ಮಾಡಿಸುವ ರಿಪೇರಿ ಎಂದರೆ ಬಹುತೇಕ ಕಣ್ಣಿಗೆ ಕಾಣುವ ರಿಪೇರಿ. ಅಗ್ಗದ ಪಾರ್ಟ್, ಮೇಲೊಂದು ಟಚಪ್. ಅದಕ್ಕಿಂತ ನಾವೇ ಜೆ.ಸಿ. ರೋಡಿಗೆ ಹೋಗಿ ಬೇಕಾದ ಪಾರ್ಟ್ ತಂದು, ಗೊತ್ತಿರುವವರ ಹತ್ತಿರ ಹಾಕಿಸುವುದು ಎಷ್ಟೋ ಮೇಲು.

ಹೇಳದೆ ಮುಚ್ಚುವುದು ಮಾತ್ರ ಬೇರೆಯೇ ವಿಷಯ. ಎಂಜಿನ್ ದೀಪ ಉರಿಯದ ಹಾಗೆ ಮಾಡುವುದು, ಮೀಟರ್ ಹಿಂದಕ್ಕೆ ತಿರುಗಿಸುವುದು ಯಾವ ಲೆಕ್ಕದಲ್ಲೂ ರಿಪೇರಿಯಲ್ಲ. 1986ರಿಂದ ನಮ್ಮ ಗ್ರಾಹಕ ಕಾನೂನು ದೋಷ ಎಂಬುದಕ್ಕೆ ವಿಶಾಲವಾದ ಅರ್ಥವನ್ನೇ ಕೊಟ್ಟಿದೆ: ಕಾನೂನು ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಯಾವುದೇ ಕೊರತೆ. 2019ರ ಹೊಸ ಕಾಯ್ದೆಯಲ್ಲೂ ಅದೇ ಇದೆ. 5 ಲಕ್ಷದವರೆಗಿನ ಬೆಲೆಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಆದರೆ ಒಪ್ಪಂದದಲ್ಲಿ ಏನಿತ್ತು ಎಂದು ತೋರಿಸಲು ಬರಹದಲ್ಲಿ ಏನಾದರೂ ಇದ್ದರೆ ಒಳ್ಳೆಯದು. ಬಾಯಿಮಾತಿನ "ಗಾಡಿ ಸೂಪರ್ ಕಂಡೀಷನ್ ಸರ್" ಅಲ್ಲಿ ಎಷ್ಟು ದೂರ ಓಡುತ್ತದೆ?

ನನ್ನ ಕಾರಿನ ಕಥೆ ಹೇಳುವುದು ಬಾಕಿ ಇದೆ. ಮೂರು ಸಾವಿರ ಕಮ್ಮಿ ಕೊಟ್ಟು ತಂದೆ. ನಮ್ಮ ಮೆಕ್ಯಾನಿಕ್ ಕಿಟಕಿ ಮೋಟಾರ್ ನೋಡಲು ಡೋರ್ ಪ್ಯಾಡ್ ಬಿಚ್ಚಿದರು. ಮೋಟಾರ್ ಚೆನ್ನಾಗೇ ಇತ್ತು. ಗಾಜು ಓಡುವ ಚಾನೆಲ್ ಸೊಟ್ಟಗಾಗಿತ್ತು. ಒಳಗಿನ ತಗಡಿನ ಮೇಲೆ ಸುತ್ತಿಗೆ ಪೆಟ್ಟಿನ ಗುರುತು, ಅದರ ಮೇಲೆ ಪುಟ್ಟಿ. ಯಾವಾಗಲೋ ಯಾರೋ ಆ ಬಾಗಿಲಿಗೆ ಜೋರಾಗಿ ಗುದ್ದಿದ್ದರು. ಡೀಲರ್ ಆ ಕಿಟಕಿಯನ್ನು ಸರಿ ಮಾಡಿಸಿ ಕೊಟ್ಟಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಅವರಿಗೆ ಗೊತ್ತಿತ್ತಾ ಎಂದು ಕೇಳಲು ಫೋನ್ ಮಾಡಿದೆ. "ಸಣ್ಣಪುಟ್ಟದ್ದು ಅಂತ ಆವತ್ತೇ ಹೇಳಿದ್ನಲ್ಲ ಸರ್" ಎಂದರು.